ಮಾರಾಟ ತಂಡಕ್ಕೆ ಅಂಕದ ಆಟ: ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು



ಬೀಜ, ಗೊಬ್ಬರ, ಕೀಟದ ಬಗ್ಗೆ ಸಾಕಷ್ಟು ಮಾತಾಡಿದ್ದೀವಿ. ಈ ವಾರ ನಮ್ಮ ಬೆಳೆ ಮಾರುವವರ ಬಗ್ಗೆ ಮಾತಾಡೋಣ.

ಈಗ ಎಷ್ಟೋ ಊರುಗಳಲ್ಲಿ ಹತ್ತು ಹದಿನೈದು ಬೆಳೆಗಾರರು ಸೇರಿ ಗುಂಪು ಮಾಡ್ಕೊಂಡಿದ್ದಾರೆ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ಶುರು ಮಾಡಿದ ಮೇಲಂತೂ ಎಫ್‌ಪಿಒ ಅನ್ನೋ ಹೆಸರು ಹಳ್ಳಿ ಹಳ್ಳಿಗೂ ಮುಟ್ಟಿದೆ. ಗುಂಪು ಅಂದ ಮೇಲೆ ಅಪಾರ್ಟ್‌ಮೆಂಟಿಗೆ, ಹೋಟೆಲಿಗೆ, ಭಾನುವಾರದ ಸಂತೆಗೆ ತರಕಾರಿ ತಗೊಂಡು ಹೋಗಿ ಮಾರೋಕೆ ಮೂರ್ನಾಲ್ಕು ಜನ ಬೇಕೇ ಬೇಕು. ಮೊದಲ ಎರಡು ತಿಂಗಳು ಅವರ ಹುರುಪು ನೋಡಬೇಕು! ಆಮೇಲೆ ಫೋನ್ ಎತ್ತೋದು ತಡ ಆಗುತ್ತೆ, ಹೊಸ ಮನೆ ಹುಡುಕೋದು ನಿಲ್ಲುತ್ತೆ, ಉಳಿದ ಸೊಪ್ಪು ಗಾಡಿಯಲ್ಲೇ ಬಾಡುತ್ತೆ. ಕಮಿಷನ್ ಜಾಸ್ತಿ ಮಾಡಿದ್ರೆ ಹದಿನೈದು ದಿನ ಓಡ್ತಾರೆ, ಮತ್ತೆ ಅದೇ ಕಥೆ.

ಅಷ್ಟರಲ್ಲಿ ಯಾರೋ ಒಬ್ಬರು ಹೇಳ್ತಾರೆ: "ಪಾಯಿಂಟ್ಸ್ ಕೊಡೋಣ, ವಾಟ್ಸ್‌ಆ್ಯಪ್‌ನಲ್ಲಿ ದಿನಾ ರ‍್ಯಾಂಕ್ ಹಾಕೋಣ, ಫಸ್ಟ್ ಬಂದವರಿಗೆ ಬಹುಮಾನ." ಇದಕ್ಕೆ ಗೇಮಿಫಿಕೇಶನ್ ಅಂತ ಹೆಸರು. ಕೆಲಸಕ್ಕೆ ಆಟದ ಅಂಗಿ ತೊಡಿಸೋದು ಅಂತ ಇಟ್ಕೊಳ್ಳಿ. ಇದು ನಿಜವಾಗಿಯೂ ಕೆಲಸ ಮಾಡುತ್ತೆ, ಆದರೆ ಎಡವಟ್ಟಾಗಿ ಮಾಡಿದರೆ ಗುಂಪಿನ ಹೆಸರನ್ನೇ ಕೆಡಿಸುತ್ತೆ. ಸಾವಯವ ಬೆಳೆಗಾರರಿಗೆ ಹೆಸರು ಹೋದರೆ ಉಳಿಯೋದು ಏನು?

ಆಟದಲ್ಲಿ ಇರೋದು ಏನು?

ನಿಮ್ಮ ಜೇಬಿನಲ್ಲಿರೋ ಫೋನ್ ದಿನಾ ನಿಮ್ಮ ಜೊತೆ ಈ ಆಟ ಆಡ್ತಾ ಇದೆ. 2019ರ ದೀಪಾವಳಿಗೆ ಗೂಗಲ್ ಪೇ ಐದು ಸ್ಟ್ಯಾಂಪ್ ಕೂಡಿಸುವ ಆಟ ತಂದದ್ದು ನೆನಪಿದೆಯಾ? ದೀಪ, ಹೂವು, ಲಾಟೀನು, ಜುಮಕಿ, ರಂಗೋಲಿ. ಐದೂ ಸೇರಿದರೆ 251 ರೂಪಾಯಿ. ರಂಗೋಲಿ ಒಂದು ಸಿಗಲಿಲ್ಲ ಅಂತ ಎಷ್ಟು ಜನ ಊರೆಲ್ಲ ಕೇಳ್ಕೊಂಡು ಓಡಾಡಿದರು! ದುಡ್ಡಿನ ಲೆಕ್ಕ ನೋಡಿದರೆ ಅದು ಒಂದು ದಿನದ ಕೂಲಿಗೂ ಸಾಲದು. ಆದರೂ ಓಡಿದರು.

'ಗೇಮಿಫಿಕೇಶನ್' ಅನ್ನೋ ಪದ ಹುಟ್ಟಿದ್ದು 2002ರಲ್ಲಿ. ಬ್ರಿಟನ್ನಿನ ಪ್ರೋಗ್ರಾಮರ್ ನಿಕ್ ಪೆಲ್ಲಿಂಗ್ ಇದನ್ನು ಬಳಸಿದರು. ಆದರೆ ವಿಚಾರ ಇನ್ನೂ ಹಳೆಯದು. ಅಮೆರಿಕದ ಚಾರ್ಲ್ಸ್ ಕೂನ್‌ರಾಡ್ಟ್ 1984ರಲ್ಲೇ 'ದಿ ಗೇಮ್ ಆಫ್ ವರ್ಕ್' ಅನ್ನೋ ಪುಸ್ತಕ ಬರೆದರು. ಅವರು ಎತ್ತಿಕೊಂಡ ಪ್ರಶ್ನೆಯನ್ನು ನಮ್ಮ ಕಡೆಗೆ ತಿರುಗಿಸಿ ಕೇಳೋದಾದರೆ ಹೀಗೆ: ವಾರವೆಲ್ಲ ಕ್ರೇಟ್ ಎತ್ತೋಕೆ ಸೊಂಟ ನೋವು ಅನ್ನೋ ಹುಡುಗ, ಭಾನುವಾರ ಕಬಡ್ಡಿ ಅಂಕಣದಲ್ಲಿ ಮಂಡಿ ಕಿತ್ತುಹೋದರೂ ಯಾಕೆ ಬಿಡಲ್ಲ? ಅದೂ ಪುಕ್ಕಟೆಯಾಗಿ?

ಅವರ ಉತ್ತರ ಸರಳವಾಗಿದೆ. ಆಟದಲ್ಲಿ ಗುರಿ ಏನು ಅಂತ ಎಲ್ಲರಿಗೂ ಗೊತ್ತು. ಅಂಕ ಎಷ್ಟಾಯ್ತು ಅಂತ ಆಗಿಂದಾಗಲೇ ಗೊತ್ತಾಗುತ್ತೆ. ಹೇಗೆ ಆಡಬೇಕು ಅನ್ನೋದು ಆಟಗಾರನ ಕೈಯಲ್ಲಿದೆ. ತಿದ್ದಿ ಹೇಳೋ ಕೋಚ್ ಪಕ್ಕದಲ್ಲೇ ಇರ್ತಾನೆ. ಕೆಲಸದಲ್ಲಿ ಬಹುಪಾಲು ಇದರ ಉಲ್ಟಾ. ಗುರಿ ಮಾಲೀಕನ ತಲೆಯಲ್ಲಿ, ಲೆಕ್ಕ ತಿಂಗಳ ಕೊನೆಗೆ, ಬೈಗುಳ ಮಾತ್ರ ದಿನಾ.

ಹಾಗಾಗಿ ಪಾಯಿಂಟು, ಬ್ಯಾಡ್ಜು, ಕಪ್ಪು ಇವೆಲ್ಲ ಮೇಲಿನ ಬಣ್ಣ. ಒಳಗಿನ ಎಂಜಿನ್ ಮೇಲೆ ಹೇಳಿದ ನಾಲ್ಕು ವಿಷಯ.

ಡೇರಿಯಿಂದ ಕಲಿಯೋ ಪಾಠ

ಅಮೆರಿಕಕ್ಕೆ ಹೋಗೋದೇ ಬೇಡ, ಬೆಳಿಗ್ಗೆ ನಿಮ್ಮೂರ ಹಾಲಿನ ಡೇರಿ ಮುಂದೆ ನಿಂತು ನೋಡಿ. ಹಾಲು ಅಳೀತಾರೆ, ಸ್ಯಾಂಪಲ್ ತೆಗೀತಾರೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಬರುತ್ತೆ. "ನಿನ್ನೆಗಿಂತ ಎರಡು ಪಾಯಿಂಟ್ ಕಮ್ಮಿ ಬಂತಲ್ಲೋ" ಅಂತ ಪಕ್ಕದವರ ಹತ್ರ ಹೇಳ್ಕೊಂಡು ಹೋಗೋ ಅಜ್ಜಿಯನ್ನು ನೀವೂ ನೋಡಿರ್ತೀರಿ. ಮನೆಗೆ ಹೋಗಿ ಹಿಂಡಿ, ಮೇವು ಸರಿ ಮಾಡ್ತಾಳೆ. ದಿನಕ್ಕೆರಡು ಸಲ ಅಂಕ ಸಿಗೋ ಆಟ ಅದು.

ಈಗ ಯೋಚನೆ ಮಾಡಿ. ಡೇರಿಯವರು ಬರೀ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದರೆ ಏನಾಗ್ತಿತ್ತು? ಹಾಲಿಗಿಂತ ನೀರು ಜಾಸ್ತಿ ಆಗ್ತಿತ್ತು. ಲೀಟರ್ ಜೊತೆಗೆ ಫ್ಯಾಟ್, ಎಸ್‌ಎನ್‌ಎಫ್ ಎಣಿಸಿದ್ದರಿಂದಲೇ ಆಟ ನೆಟ್ಟಗೆ ನಡೀತಿದೆ.

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಕೊಳ್ಳೋದಾದರೆ ಇದನ್ನು ಇಟ್ಕೊಳ್ಳಿ: ನೀವು ಯಾವುದಕ್ಕೆ ಅಂಕ ಕೊಡ್ತೀರೋ ಅದೇ ಬೆಳೆಯುತ್ತೆ. ಹೊಲದಲ್ಲಿ ಗೊಬ್ಬರ ಹಾಕಿದ ಹಾಗೆ. ಬೆಳೆ ಬುಡಕ್ಕೆ ಹಾಕಿದರೆ ಬೆಳೆ, ಕಳೆ ಬುಡಕ್ಕೆ ಹಾಕಿದರೆ ಕಳೆ. ಆದ್ದರಿಂದ ಮಾರಾಟದಲ್ಲಿ ಯಾವ ಲೆಕ್ಕ ಹಿಡಿದರೂ ಒಂದು ಪ್ರಶ್ನೆ ಕೇಳಿ: "ಇದು ಲೀಟರ್. ಇದರ ಫ್ಯಾಟ್ ಯಾವುದು?"

ಬರೀ ಲೀಟರ್ ಎಣಿಸಿದ ಬ್ಯಾಂಕು

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್. ಒಬ್ಬೊಬ್ಬ ಗ್ರಾಹಕನಿಗೂ ಎಂಟು ಖಾತೆ ಅಥವಾ ಸೇವೆ ಮಾರಬೇಕು ಅಂತ ಗುರಿ ಇಟ್ಟಿದ್ದರು. ಎಣಿಕೆ ಇದ್ದದ್ದು ಎಷ್ಟು ಖಾತೆ ತೆರೆದಿರಿ ಅನ್ನೋದರ ಮೇಲೆ. ಗುರಿ ಮುಟ್ಟದಿದ್ದರೆ ಒತ್ತಡ, ಮುಟ್ಟಿದರೆ ಪ್ರೋತ್ಸಾಹ. ನೌಕರರು ಏನು ಮಾಡಿದರು? ಗ್ರಾಹಕರಿಗೆ ಗೊತ್ತಿಲ್ಲದಂತೆ ಅವರ ಹೆಸರಲ್ಲಿ ಖಾತೆ ತೆರೆದರು. ಅಂಥ ಖಾತೆಗಳು ಸುಮಾರು 20 ಲಕ್ಷ ಇರಬಹುದು ಅಂತ 2016ರಲ್ಲಿ ಹೊರಬಂತು, ಮುಂದಿನ ವರ್ಷ ಆ ಅಂದಾಜು 35 ಲಕ್ಷಕ್ಕೆ ಏರಿತು. ಸುಮಾರು 5,300 ಜನ ಕೆಲಸ ಕಳ್ಕೊಂಡರು. 2016ರಲ್ಲಿ 18.5 ಕೋಟಿ ಡಾಲರ್ ದಂಡ, 2020ರಲ್ಲಿ ಮತ್ತೆ 300 ಕೋಟಿ ಡಾಲರ್ ಕಟ್ಟಿ ಬ್ಯಾಂಕು ರಾಜಿ ಮಾಡ್ಕೊಳ್ಳಬೇಕಾಯ್ತು.

ಆ ನೌಕರರೆಲ್ಲ ಕಳ್ಳರು ಅಂತ ತಿಳೀಬೇಡಿ. ನಮ್ಮ ನಿಮ್ಮಂಥವರೇ. ಅಂಕ ಎಲ್ಲಿತ್ತೋ ಅಲ್ಲಿಗೆ ಓಡಿದರು.

ಇದನ್ನೇ ತರಕಾರಿ ಕ್ರೇಟಿಗೆ ತಂದು ನೋಡಿ. ಬರೀ ಕೆಜಿಗೆ ಅಂಕ ಕೊಟ್ಟರೆ ನಾಲ್ಕು ಸಂಗತಿ ಆಗುತ್ತೆ. ಒಂದು, ಎರಡು ಕಟ್ಟು ಸಾಕು ಅನ್ನೋ ಮನೆಗೆ ಐದು ಕಟ್ಟು ಪಾಲಕ್ ದಾಟಿಸ್ತಾರೆ. ಮೂರನೇ ದಿನ ಅದು ಹಳದಿ ಆಗಿ ಕಸಕ್ಕೆ ಹೋಗುತ್ತೆ, ಆ ಮನೆ ಮುಂದಿನ ವಾರ ಬಾಗಿಲು ತೆಗೆಯಲ್ಲ. ಎರಡು, ಅಂಕಕ್ಕೋಸ್ಕರ ರೇಟು ಇಳಿಸಿ ಹೋಟೆಲಿಗೆ ಸುರೀತಾರೆ, ನಷ್ಟ ಬೆಳೆಗಾರನಿಗೆ. ಮೂರು, ತೂಕ ಜಾಸ್ತಿ ಬರೋ ಕುಂಬಳ, ಎಲೆಕೋಸು ಮಾತ್ರ ಮಾರ್ತಾರೆ, ಕೊತ್ತಂಬರಿ, ಮೆಂತ್ಯ ಕೇಳೋರೇ ಇಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಅಪಾಯ: ನಮ್ಮ ಟೊಮೆಟೊ ಮುಗಿದ ದಿನ ಮಾರ್ಕೆಟ್‌ನಿಂದ ಒಂದು ಬಾಕ್ಸ್ ತಂದು, ಅದನ್ನೂ ನಮ್ಮ ಚೀಲಕ್ಕೇ ಹಾಕಿ ಕೊಡ್ತಾರೆ.

ಪಿಜಿಎಸ್ ಪದ್ಧತಿಯಲ್ಲಿ ಇರೋರಿಗೆ ಇದರ ಅರ್ಥ ಬೇಗ ಆಗುತ್ತೆ. ಅಲ್ಲಿ ಕನಿಷ್ಠ ಐದು ರೈತರು ಸ್ಥಳೀಯ ಗುಂಪು ಕಟ್ಟಿ, ಒಬ್ಬರ ಹೊಲ ಇನ್ನೊಬ್ಬರು ನೋಡಿ, ಒಬ್ಬರಿಗೊಬ್ಬರು ಜಾಮೀನು ನಿಂತ ಹಾಗೆ ನಡೀತೀವಿ. ಒಂದು ಬಾಕ್ಸ್ ಹೊರಗಿನ ಟೊಮೆಟೊ ಸಿಕ್ಕಿಬಿದ್ದರೆ ಹೋಗೋದು ಒಬ್ಬ ಹುಡುಗನ ಮಾನ ಮಾತ್ರ ಅಲ್ಲ, ಎಲ್ಲ ಮನೆಗಳದ್ದು.

ಹಾಗಾದರೆ ಏನನ್ನು ಎಣಿಸೋದು?

ನಾವು ದೊಡ್ಡಬಳ್ಳಾಪುರದ ಕಡೆ ಹನ್ನೆರಡು ಮನೆಯ ಗುಂಪು. ಯಲಹಂಕದ ಸುತ್ತಮುತ್ತ ಮನೆಗಳಿಗೆ ತರಕಾರಿ ಕೊಡ್ತೀವಿ. ಮಾರಾಟಕ್ಕೆ ನಾಲ್ಕು ಜನ: ಗೂಡ್ಸ್ ಆಟೋದಲ್ಲಿ ಇಬ್ಬರು, ವಾಟ್ಸ್‌ಆ್ಯಪ್ ಆರ್ಡರ್ ನೋಡೋಕೆ ಒಬ್ಬ ಹುಡುಗಿ, ಭಾನುವಾರದ ಅಂಗಡಿಗೆ ಒಬ್ಬರು. ನಾವು ಇಟ್ಟುಕೊಂಡಿರೋ ಅಂಕದ ಪಟ್ಟಿ ಇದು. ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

• ಮತ್ತೆ ಬಂದ ಮನೆ: ನಾಲ್ಕು ವಾರದಲ್ಲಿ ಮೂರು ಸಲ ತಗೊಂಡ ಪ್ರತಿ ಮನೆಗೆ 5 ಅಂಕ.
• ಹೊಸ ಮನೆ: 3 ಅಂಕ. ಆದರೆ ಮೊದಲ ಆರ್ಡರಿಗೆ ಅಲ್ಲ, ಎರಡನೇ ಆರ್ಡರ್ ಬಂದ ಮೇಲೆ.
• ಉಳಿಕೆ: ಬೆಳಿಗ್ಗೆ ಕೊಂಡೊಯ್ದ ಸೊಪ್ಪಿನಲ್ಲಿ ಸಂಜೆಗೆ ನೂರಕ್ಕೆ ಐದು ಕಟ್ಟಿಗಿಂತ ಕಮ್ಮಿ ಉಳಿದರೆ, ನಿಗದಿ ಬೆಲೆಗೇ ಮಾರಿದ್ದರೆ, ಆ ದಿನ 3 ಅಂಕ.
• ದೂರು: ಗ್ರಾಹಕರ ದೂರನ್ನು ಅದೇ ದಿನ ಫೋಟೋ ಸಮೇತ ಗುಂಪಿಗೆ ಹಾಕಿದರೆ 3 ಅಂಕ.
• 'ಇಲ್ಲ' ಅಂದದ್ದು: ಗ್ರಾಹಕರು ಕೇಳಿದ ತರಕಾರಿ ನಮ್ಮಲ್ಲಿ ಇಲ್ಲ ಅಂತ ನೇರವಾಗಿ ಹೇಳಿ, ಏನು ಕೇಳಿದರು, ಎಷ್ಟು ಕೇಳಿದರು ಅಂತ ಬರೆದರೆ 2 ಅಂಕ. ಜೊತೆಗೆ ಗ್ರಾಹಕರ ಸಂದೇಶ ಇರಬೇಕು.

ಮೊದಲನೆಯದು ಯಾಕೆ ಅತಿ ಹೆಚ್ಚು ಅಂತ ನಿಮಗೆ ಗೊತ್ತಾಗಿರುತ್ತೆ. ಮೋಸ ಮಾಡಿ ಒಂದು ಸಲ ಮಾರಬಹುದು. ನಾಲ್ಕು ವಾರದಲ್ಲಿ ಮೂರು ಸಲ ಅದೇ ಮನೆ ಬಾಗಿಲು ತೆಗೀಬೇಕು ಅಂದರೆ ಮಾಲು ಚೆನ್ನಾಗಿರಬೇಕು, ಮಾತು ಸರಿ ಇರಬೇಕು.

ದೂರಿಗೆ ಅಂಕ ಕೊಡೋದು ವಿಚಿತ್ರ ಅನ್ನಿಸಬಹುದು. ಆದರೆ ದೂರು ತಂದವನನ್ನು ಬೈದರೆ ಮುಂದಿನ ಸಲ ಅವನು ದೂರು ಮುಚ್ಚಿಡ್ತಾನೆ. ಬೀನ್ಸ್ ಬಲಿತಿತ್ತು, ಹೂಕೋಸಿನಲ್ಲಿ ಹುಳ ಇತ್ತು ಅನ್ನೋದು ಅದೇ ಸಂಜೆ ಬೆಳೆಗಾರನಿಗೆ ಗೊತ್ತಾದರೆ ಮರುದಿನದ ಕಟಾವು ತಿದ್ದಿಕೊಳ್ಳಬಹುದು. ಹುಳ ಬಿದ್ದ ಮಾಲು ತಂದವರು ಯಾರು ಅನ್ನೋದು ಬೇರೆ ಮಾತು, ಸುದ್ದಿ ತಂದವನು ತಪ್ಪಿತಸ್ಥ ಅಲ್ಲ.

ಐದನೆಯದು ನಮಗೆ ಎಲ್ಲಕ್ಕಿಂತ ಹೆಚ್ಚು ಲಾಭ ಕೊಟ್ಟದ್ದು. ಒಂದು ಶನಿವಾರ ಕೇಟರಿಂಗ್‌ನವರೊಬ್ಬರು ಫೋನ್ ಮಾಡಿ, ಮಾರನೇ ದಿನಕ್ಕೆ 40 ಕೆಜಿ ಸಾವಯವ ಟೊಮೆಟೊ ಬೇಕು, ರೇಟು ಎಷ್ಟಾದರೂ ಸರಿ ಅಂದರು. ನಮ್ಮ ತೋಟದಲ್ಲಿ ಹಣ್ಣು ಮುಗಿದು ಎರಡು ದಿನ ಆಗಿತ್ತು. ಗಾಡಿಯ ಹುಡುಗ "ಇಲ್ಲ ಸಾರ್, ನಮ್ಮದು ಮುಗಿದಿದೆ, ಹೊರಗಿಂದ ತಂದು ನಮ್ಮದು ಅಂತ ಕೊಡೋಕಾಗಲ್ಲ" ಅಂತ ಹೇಳಿ, ಗುಂಪಿನಲ್ಲಿ ಬರೆದ. ಕೆಜಿ ಲೆಕ್ಕದ ಆಟ ಆಗಿದ್ದರೆ ಆ ದಿನ ಅವನು ಸೋತ ಹಾಗೆ. ನಮ್ಮ ಪಟ್ಟಿಯಲ್ಲಿ ಅವನಿಗೆ 2 ಅಂಕ ಬಿತ್ತು. ಸರಿ ಕೆಲಸ ಮಾಡಿದವನು ಬೋರ್ಡಿನಲ್ಲಿ ಕೆಳಗೆ ಹೋಗಬಾರದು, ಇದು ಆಟ ಕಟ್ಟುವವರ ಮೊದಲ ಜವಾಬ್ದಾರಿ.

'ಇಲ್ಲ' ಪಟ್ಟಿಯಿಂದ ಇನ್ನೊಂದು ಉಪಯೋಗ ಇದೆ. ಅದು ಬಿತ್ತನೆ ಪಟ್ಟಿ ಆಗುತ್ತೆ. ಕೊತ್ತಂಬರಿ ಕಟಾವಿಗೆ ಬರೋಕೆ ಸುಮಾರು 40 ದಿನ, ಪಾಲಕ್ ಮೊದಲ ಕೊಯ್ಲಿಗೆ 25–30 ದಿನ, ಟೊಮೆಟೊ ಸಸಿ ನಾಟಿ ಮಾಡಿದ ಮೇಲೆ ಎರಡು ತಿಂಗಳ ಮೇಲೆ ಬೇಕು. ಇವತ್ತು ಗ್ರಾಹಕರು ಕೇಳಿದ್ದಕ್ಕೆ ನಾಳೆ ಉತ್ತರ ಕೊಡೋಕಾಗಲ್ಲ. ಆದರೆ ನಾಲ್ಕು ವಾರದ 'ಇಲ್ಲ' ಕೂಡಿಸಿ ನೋಡಿದರೆ ಯಾವುದನ್ನು ಹತ್ತು ದಿನಕ್ಕೊಮ್ಮೆ ಮಡಿ ಮಡಿಯಾಗಿ ಬಿತ್ತಬೇಕು ಅಂತ ಗೊತ್ತಾಗುತ್ತೆ. ಮಾರುವವರೂ ಬೆಳೆಯುವವರೂ ಒಂದೇ ಕಾಗದ ನೋಡಿ ಮಾತಾಡೋ ಹಾಗಾಗುತ್ತೆ.

ಪಟ್ಟಿಯಲ್ಲಿ ಇಲ್ಲದ್ದನ್ನೂ ಗಮನಿಸಿ. ಹಣದ ಲೆಕ್ಕ ಸರಿ ಒಪ್ಪಿಸೋದಕ್ಕೆ ಅಂಕ ಇಲ್ಲ, ಅದು ಕರ್ತವ್ಯ. ಹೊರಗಿನ ಮಾಲನ್ನು ನಮ್ಮದು ಅಂತ ಮಾರಿದರೆ ಮೈನಸ್ ಅಂಕವೂ ಇಲ್ಲ. ಮೈನಸ್ ಇಟ್ಟರೆ ಅದಕ್ಕೊಂದು ಬೆಲೆ ಕಟ್ಟಿದ ಹಾಗಾಗುತ್ತೆ. "ಹತ್ತು ಅಂಕ ಹೋದರೆ ಹೋಗಲಿ" ಅಂತ ಲೆಕ್ಕ ಹಾಕೋರು ಹುಟ್ತಾರೆ. ಅದು ಆಟದ ಹೊರಗಿನ ವಿಷಯ, ಸಿಕ್ಕರೆ ಗುಂಪು ಕೂತು ತೀರ್ಮಾನ ಮಾಡುತ್ತೆ.

ಬೋರ್ಡಿನ ಮೇಲೆ ಯಾರ ಹೆಸರು?

ಎಲ್ಲರ ಹೆಸರು ಬರೆದು ಒಂದು, ಎರಡು, ಮೂರು ಅಂತ ಸಾಲು ಹಚ್ಚೋದು ಸುಲಭ. ಆದರೆ ಹುಷಾರು.

ಅಮೆರಿಕದ ಅನಾಹೈಮ್‌ನಲ್ಲಿರೋ ಡಿಸ್ನಿಲ್ಯಾಂಡ್ ಹೋಟೆಲುಗಳ ಬಟ್ಟೆ ಒಗೆಯೋ ವಿಭಾಗದಲ್ಲಿ ಯಾರು ಎಷ್ಟು ವೇಗವಾಗಿ ಕೆಲಸ ಮಾಡ್ತಿದ್ದಾರೆ ಅಂತ ಹೆಸರು ಸಮೇತ ದೊಡ್ಡ ಟಿವಿ ಪರದೆ ಮೇಲೆ ತೋರಿಸ್ತಿದ್ದರು. ಗುರಿ ಮುಟ್ಟಿದವರು ಹಸಿರು, ಹಿಂದೆ ಬಿದ್ದವರು ಕೆಂಪು. ಕೆಲಸಗಾರರು ಅದಕ್ಕೆ ಇಟ್ಟ ಹೆಸರು 'ಎಲೆಕ್ಟ್ರಾನಿಕ್ ಚಾಟಿ'. 2011ರಲ್ಲಿ ಇದು ಅಲ್ಲಿನ ಪತ್ರಿಕೆಯಲ್ಲಿ ಸುದ್ದಿಯಾಯ್ತು. ನೋಡಿ, ಅಂಕ ಇತ್ತು, ಬಣ್ಣ ಇತ್ತು, ಪರದೆ ಇತ್ತು. ಆದರೂ ಅವರಿಗೆ ಅದು ಆಟ ಅನ್ನಿಸಲಿಲ್ಲ.

ಇನ್ನೊಂದು ತೊಂದರೆ ಇದೆ. ಎಲ್ಲರ ಹೊಲದ ಮಣ್ಣು ಒಂದೇ ಅಲ್ಲ ಅಲ್ವಾ, ಹಾಗೇ ಎಲ್ಲರ ರೂಟೂ ಒಂದೇ ಅಲ್ಲ. ಒಂದೇ ಗೇಟಿನೊಳಗೆ 300 ಮನೆ ಇರೋ ಅಪಾರ್ಟ್‌ಮೆಂಟ್ ಸಿಕ್ಕವನಿಗೂ, ಬೀದಿ ಬೀದಿ ಸುತ್ತಿ ಬಿಡಿ ಮನೆಗಳಿಗೆ ಕೊಡೋನಿಗೂ ಒಂದೇ ಪಟ್ಟಿ ಹಾಕಿದರೆ ಎರಡನೆಯವನು ಎರಡು ವಾರಕ್ಕೇ ಕೈ ಚೆಲ್ತಾನೆ. ನಮ್ಮಲ್ಲಿ ಆರ್ಡರ್ ನೋಡೋ ಹುಡುಗಿ ಮೊದಲ ಸಭೆಯಲ್ಲೇ ಕೇಳಿದ್ದಳು: "ಅಣ್ಣ, ನಾನು ಗಾಡಿ ಹತ್ತೋದೇ ಇಲ್ಲ. ನನ್ನ ಅಂಕ ಎಲ್ಲಿಂದ ಬರುತ್ತೆ?" ಸರಿಯಾದ ಪ್ರಶ್ನೆ. ಅವಳು ಪೋನಿನಲ್ಲಿ ಸಮಾಧಾನ ಮಾಡಿದ್ದರಿಂದಲೇ ಎಷ್ಟೋ ಮನೆಗಳು ಮತ್ತೆ ಬರ್ತಾವೆ, ಆದರೆ ಚೀಲ ಕೈಗೆ ಕೊಟ್ಟವನು ಬೇರೆ.

ಅದಕ್ಕೇ ನಮ್ಮ ಬೋರ್ಡಿನಲ್ಲಿ ಇರೋದು ತಂಡದ ಒಟ್ಟು ಅಂಕ ಒಂದೇ. ಪಕ್ಕದಲ್ಲಿ ಹಿಂದಿನ ನಾಲ್ಕು ವಾರದ ಸರಾಸರಿ. ಎದುರಾಳಿ ಯಾರು ಅಂದರೆ ಕಳೆದ ತಿಂಗಳ ನಾವೇ. ಒಬ್ಬೊಬ್ಬರ ಲೆಕ್ಕ ಅವರವರ ಫೋನಿಗೆ ಮಾತ್ರ ಹೋಗುತ್ತೆ. ಹಿಂದೆ ಬಿದ್ದವರ ಹತ್ರ ಒಂದು ಟೀ ಕುಡೀತಾ ಮಾತಾಡೋದು ಕೋಚ್ ಕೆಲಸ, ಆ ಮಾತು ಗುಂಪಿನ ಮುಂದೆ ಬೇಡ.

ಪ್ರತಿ ಸೋಮವಾರ ಸೊನ್ನೆಯಿಂದ ಶುರು ಮಾಡೋದೂ ಮುಖ್ಯ. ತಿಂಗಳ ಮೊದಲ ವಾರದಲ್ಲೇ ಹಿಂದೆ ಬಿದ್ದ ತಂಡ ಉಳಿದ ಮೂರು ವಾರ ಕಾಟಾಚಾರಕ್ಕೆ ಆಡುತ್ತೆ. ವಾರದ ಆಟ ಆದರೆ ಮಳೆ ಬಂದು ಒಂದು ವಾರ ಕೈಕೊಟ್ಟರೂ ಮುಂದಿನ ಸೋಮವಾರ ಹೊಸ ಅಂಕಣ.

ಒಪ್ಪಿಗೆ ಇಲ್ಲದ ಆಟ, ಆಟ ಅಲ್ಲ

ಅಮೆರಿಕದ ವಾರ್ಟನ್ ಮ್ಯಾನೇಜ್‌ಮೆಂಟ್ ಶಾಲೆಯ ಈಥನ್ ಮೊಲ್ಲಿಕ್ ಮತ್ತು ನ್ಯಾನ್ಸಿ ರಾಥ್‌ಬಾರ್ಡ್ ಅನ್ನೋ ಸಂಶೋಧಕರು ಒಂದು ಕಂಪನಿಯ ಮಾರಾಟಗಾರರ ಮೇಲೆ ನಿಜವಾಗಿಯೂ ಈ ಪ್ರಯೋಗ ಮಾಡಿ ನೋಡಿದರು. ಮಾರಾಟಕ್ಕೆ ಬ್ಯಾಸ್ಕೆಟ್‌ಬಾಲ್ ಆಟದ ರೂಪ ಕೊಟ್ಟರು, ಪರದೆ ಮೇಲೆ ಅಂಕ ತೋರಿಸಿದರು. ಫಲಿತಾಂಶ ಕುತೂಹಲದ್ದು. ಮನಸ್ಸಿನಿಂದ ಒಪ್ಪಿಕೊಂಡವರಿಗೆ ಆಟದಿಂದ ಕೆಲಸದ ಮೇಲೆ ಖುಷಿ ಜಾಸ್ತಿ ಆಯ್ತು. ಒಪ್ಪದೇ ಇದ್ದವರಿಗೆ ಅದೇ ಆಟದಿಂದ ಖುಷಿ ಕಮ್ಮಿ ಆಯ್ತು. ಆ ಅಧ್ಯಯನಕ್ಕೆ ಅವರಿಟ್ಟ ಹೆಸರೇ 'ಕಡ್ಡಾಯದ ಮೋಜು' ಅನ್ನೋ ಅರ್ಥದ್ದು.

ಇದರಿಂದ ನಮಗೆ ಬೇಕಾದ ಪಾಠ ಇಷ್ಟು: ನಿಯಮ ನೀವು ಬರೆದು ತಂದು ಓದಬೇಡಿ. ತಂಡವನ್ನು ಕೂರಿಸಿ, ಅವರ ಕೈಗೆ ಪೆನ್ ಕೊಡಿ. ಯಾವುದಕ್ಕೆ ಎಷ್ಟು ಅಂಕ ಅಂತ ಅವರೇ ವಾದ ಮಾಡಲಿ. ಆಟಕ್ಕೆ ಹೆಸರೂ ಅವರೇ ಇಡಲಿ. ನಮ್ಮವರು 'ಚೌಕಾಬಾರ' ಅಂತ ಇಟ್ಟರು, ಬೋರ್ಡಿನ ಮೇಲೆ ಮನೆ ಬರೆದು ಕವಡೆ ಅಂಟಿಸಿದರು. ವಯಸ್ಸಾದ ಅಣ್ಣನೊಬ್ಬ "ನಂಗೆ ಈ ಹುಡುಗಾಟ ಬೇಡಪ್ಪ" ಅಂದರೆ ಬಿಟ್ಟುಬಿಡಿ. ಆಡದೇ ಇದ್ದವರಿಗೆ ಸಂಬಳದಲ್ಲಾಗಲೀ ಮರ್ಯಾದೆಯಲ್ಲಾಗಲೀ ಒಂದು ಪೈಸೆ ಕಮ್ಮಿ ಆಗಬಾರದು.

ಸಂಬಳ ಬೇರೆ, ಬಹುಮಾನ ಬೇರೆ

ಇದನ್ನು ಸ್ವಲ್ಪ ಖಡಕ್ಕಾಗೇ ಹೇಳ್ತೀನಿ. ಸಂಬಳ, ಪೆಟ್ರೋಲ್ ದುಡ್ಡು, ಒಪ್ಪಿಕೊಂಡ ಕಮಿಷನ್ ಇವು ಆಟದೊಳಗೆ ಬರಲೇಬಾರದು. ತಿಂಗಳ ಸಂಬಳ ಹದಿನೈದನೇ ತಾರೀಖಿಗೆ ಕೊಟ್ಟು, ಗೋಡೆ ಮೇಲೆ ಸ್ಟಾರ್ ಅಂಟಿಸಿದರೆ ಅದು ಪ್ರೋತ್ಸಾಹ ಅಲ್ಲ, ಅವಮಾನ. ಮೊದಲು ಸಂಬಳ ಸರಿ ಮಾಡಿ, ಆಮೇಲೆ ಆಟದ ಮಾತು.

ಬಹುಮಾನ ಸಣ್ಣದಾಗಿರಲಿ, ಎಲ್ಲರಿಗೂ ಸಿಗಲಿ. ನಮ್ಮಲ್ಲಿ ತಿಂಗಳಲ್ಲಿ ಮೂರು ವಾರ ತಂಡ ಗುರಿ ಮುಟ್ಟಿದರೆ ನಾಲ್ಕೂ ಜನಕ್ಕೆ ಸರದಿ ಮೇಲೆ ಒಂದೊಂದು ದಿನ ಸಂಬಳ ಸಹಿತ ರಜೆ. ಭಾನುವಾರವೂ ಕೆಲಸ ಇರೋರಿಗೆ ರಜೆಗಿಂತ ದೊಡ್ಡ ಕಪ್ ಇಲ್ಲ.

ದೊಡ್ಡ ಬಹುಮಾನ ಯಾಕೆ ಬೇಡ? 1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್, ನಿಸ್‌ಬೆಟ್ ಅವರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರ ಬರೆಯೋದು ಇಷ್ಟಪಡೋ ಮಕ್ಕಳಲ್ಲಿ ಕೆಲವರಿಗೆ "ಬರೆದರೆ ಪ್ರಶಸ್ತಿ ಪತ್ರ" ಅಂತ ಮೊದಲೇ ಆಸೆ ತೋರಿಸಿದರು. ಆಮೇಲೆ ಪ್ರಶಸ್ತಿ ಇಲ್ಲದ ದಿನಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ಬಹುಮಾನಕ್ಕೋಸ್ಕರ ಮಾಡೋ ಅಭ್ಯಾಸ ಆದರೆ ಬಹುಮಾನ ನಿಂತ ದಿನ ಕೆಲಸದ ರುಚಿಯೂ ಹೋಗುತ್ತೆ. ಕಮಿಷನ್ ಏರಿಸಿದ ಹುರುಪು ಹದಿನೈದು ದಿನಕ್ಕೆ ಯಾಕೆ ಇಳಿಯುತ್ತೆ ಅನ್ನೋದಕ್ಕೂ ಇಲ್ಲಿ ಒಂದು ಸುಳಿವಿದೆ.

ಮೊದಲ ಮೆಟ್ಟಿಲು ತುಂಬಿಸಿ ಕೊಡಿ

ಹೊಸಬರು ತಂಡಕ್ಕೆ ಸೇರಿದಾಗ ಖಾಲಿ ಪಟ್ಟಿ ಕಂಡು ಹೆದರ್ತಾರೆ. ಇದಕ್ಕೊಂದು ಸಣ್ಣ ಉಪಾಯ ಇದೆ. 2006ರಲ್ಲಿ ಪ್ರಕಟವಾದ ನ್ಯೂನ್ಸ್ ಮತ್ತು ಡ್ರೆಜ್ ಅವರ ಅಧ್ಯಯನದಲ್ಲಿ ಕಾರು ತೊಳೆಯೋ ಅಂಗಡಿಯ 300 ಗ್ರಾಹಕರಿಗೆ ಕಾರ್ಡ್ ಕೊಟ್ಟರು. ಅರ್ಧ ಜನರ ಕಾರ್ಡಿನಲ್ಲಿ 8 ಖಾಲಿ ಮನೆ, ತುಂಬಿದರೆ ಒಂದು ಸಲ ಉಚಿತ. ಇನ್ನರ್ಧ ಜನರಿಗೆ 10 ಮನೆ, ಆದರೆ 2 ಮೊದಲೇ ತುಂಬಿತ್ತು. ಇಬ್ಬರೂ ಕಾರು ತೊಳೆಸಬೇಕಾದ್ದು ಎಂಟೇ ಸಲ. ಆದರೆ ಮೊದಲ ಗುಂಪಿನಲ್ಲಿ ಕಾರ್ಡ್ ಮುಗಿಸಿದವರು ನೂರಕ್ಕೆ 19, ಎರಡನೇ ಗುಂಪಿನಲ್ಲಿ ನೂರಕ್ಕೆ 34. ಈಗಾಗಲೇ ಶುರುವಾಗಿದೆ ಅನ್ನೋ ಭಾವನೆಗೆ ಅಷ್ಟು ಬಲ.

ನಾವು ಹೊಸಬರಿಗೆ ಹತ್ತು ಮನೆಯ ಕಾರ್ಡ್ ಕೊಡ್ತೀವಿ. ತೋಟ ಸುತ್ತಿ ಪ್ರತಿ ಬೆಳೆ ನೋಡಿದ್ದಕ್ಕೆ ಒಂದು, ಹಳಬರ ಜೊತೆ ಒಂದು ದಿನ ಗಾಡಿಯಲ್ಲಿ ಹೋದದ್ದಕ್ಕೆ ಒಂದು, ಈ ಎರಡು ಮನೆ ಮೊದಲ ವಾರವೇ ತುಂಬುತ್ತೆ. ತೋಟ ನೋಡಿದ್ದರಿಂದ ಗ್ರಾಹಕರು ಕೇಳೋ ಪ್ರಶ್ನೆಗೆ ಕಂಡದ್ದನ್ನೇ ಹೇಳೋ ಧೈರ್ಯವೂ ಬರುತ್ತೆ. ಗ್ರಾಹಕರಿಗೆ ಕಾರ್ಡ್ ಮಾಡೋರೂ ಈ ಉಪಾಯ ಬಳಸಬಹುದು.

ಶುರು ಮಾಡೋದು ಹೇಗೆ?

ಆ್ಯಪ್ ಕೊಳ್ಳಬೇಡಿ. ಬೇಕಾದ್ದು ಒಂದು ಗೂಗಲ್ ಶೀಟ್, ಒಂದು ವಾಟ್ಸ್‌ಆ್ಯಪ್ ಗುಂಪು, ಮಾಲು ಕೂಡಿಸೋ ಜಾಗದಲ್ಲಿ ಒಂದು ಬಿಳಿ ಬೋರ್ಡ್.

ಮೊದಲ ವಾರ: ಅಂಕ ಬೇಡ, ಬರೀ ಎಣಿಸಿ. ಎಷ್ಟು ಮನೆ ಮತ್ತೆ ಬಂತು, ಎಷ್ಟು ಉಳಿಯಿತು, ಎಷ್ಟು ದೂರು. ಈಗಿನ ಸ್ಥಿತಿ ಗೊತ್ತಿಲ್ಲದೆ ಗುರಿ ಇಡೋದು ಮಣ್ಣು ಪರೀಕ್ಷೆ ಮಾಡದೆ ಗೊಬ್ಬರ ಸುರಿದ ಹಾಗೆ.

ಎರಡನೇ ವಾರ: ತಂಡ ಕೂತು ನಿಯಮ ಬರೆಯಲಿ. ಐದಕ್ಕಿಂತ ಹೆಚ್ಚು ಲೆಕ್ಕ ಬೇಡ. ಆಟೋ ಓಡಿಸ್ತಾ ನೆನಪಿಟ್ಟುಕೊಳ್ಳೋಕಾಗದ ನಿಯಮ ಇದ್ದರೂ ಇಲ್ಲದಂತೆ.

ಮೂರು ಮತ್ತು ನಾಲ್ಕನೇ ವಾರ: ಆಡಿ ನೋಡಿ. ದಿನಾ ಸಂಜೆ 7ಕ್ಕೆ ಅಂಕ ಬೋರ್ಡಿಗೆ ಬರಬೇಕು. ಒಂದು ದಿನ ತಪ್ಪಿದರೂ ನಂಬಿಕೆ ಸಡಿಲ ಆಗುತ್ತೆ. ವಾರದ ನಡುವೆ ನಿಯಮ ಬದಲಾಯಿಸಬೇಡಿ, ಬದಲಾವಣೆ ಏನಿದ್ದರೂ ಸೋಮವಾರಕ್ಕೆ.

ನಾಲ್ಕು ವಾರ ಆದ ಮೇಲೆ ಹುಳುಕು ಹುಡುಕಿ. ಒಂದೇ ಆರ್ಡರ್ ಎರಡು ಮಾಡಿ ಬರೆದಿದ್ದಾರಾ? ನೆಂಟರ ಮನೆ ಹೆಸರಲ್ಲಿ ಹೊಸ ಗ್ರಾಹಕರು ಹುಟ್ಟಿದ್ದಾರಾ? ಸ್ವಂತ ಜೇಬಿಂದ ರಿಯಾಯಿತಿ ಕೊಟ್ಟು ಅಂಕ ತಗೊಂಡಿದ್ದಾರಾ? ಸಿಕ್ಕರೆ ಹುಡುಗರ ಮೇಲೆ ಕೂಗಾಡೋ ಮೊದಲು ನಿಯಮ ತಿದ್ದಿ. ಬೇಲಿಯಲ್ಲಿ ಕಂಡಿ ಇದ್ದರೆ ಹಸು ನುಗ್ಗುತ್ತೆ, ಮೊದಲು ಕಂಡಿ ಮುಚ್ಚಬೇಕು.

ಬೋರ್ಡ್ ನೋಡೋಕೆ ಯಾರೂ ನಿಲ್ಲುತ್ತಿಲ್ಲ, ಅಂಕದ ವಿಷಯಕ್ಕೇ ದಿನಾ ಜಗಳ, ದೂರುಗಳು ಇದ್ದಕ್ಕಿದ್ದಂತೆ ಸೊನ್ನೆ ಆಗಿವೆ, ಈ ಮೂರರಲ್ಲಿ ಯಾವುದು ಕಂಡರೂ ಆಟ ಎರಡು ವಾರ ನಿಲ್ಲಿಸಿ. ಅದರಲ್ಲೂ ದೂರು ಸೊನ್ನೆ ಆಯ್ತು ಅಂತ ಖುಷಿಪಡಬೇಡಿ. ತರಕಾರಿ ವ್ಯಾಪಾರದಲ್ಲಿ ದೂರೇ ಇಲ್ಲ ಅಂದರೆ ಯಾರೋ ಮುಚ್ಚಿಡ್ತಿದ್ದಾರೆ ಅಂತ ಅರ್ಥ.

ಈ ವಾರದ ಕೆಲಸ

ನಿಮ್ಮ ಗುಂಪಿನಲ್ಲಿ ಈಗಾಗಲೇ ಯಾವುದೋ ಇನ್ಸೆಂಟಿವ್ ಇರುತ್ತೆ. ಕೆಜಿಗೆ ಇಷ್ಟು, ಹೊಸ ಗ್ರಾಹಕರಿಗೆ ಇಷ್ಟು ಅಂತ. ಅದನ್ನು ಒಂದು ಹಾಳೆ ಮೇಲೆ ಬರೆದು, ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಹಾಕಿ: "ಇದರಲ್ಲಿ ಯಾರಾದರೂ ಕಳ್ಳಾಟ ಆಡಿ ಫುಲ್ ಮಾರ್ಕ್ಸ್ ತಗೊಂಡರೆ, ನಷ್ಟ ಯಾರಿಗೆ?" ಗ್ರಾಹಕರಿಗೆ ಅಥವಾ ಬೆಳೆಗಾರರಿಗೆ ಅಂತ ಉತ್ತರ ಬಂದರೆ ಆ ಸಾಲಿಗೆ ಫ್ಯಾಟ್ ಎಣಿಕೆ ಸೇರಿಸಿ, ಆಗದಿದ್ದರೆ ಸಾಲನ್ನೇ ಹೊಡೆದುಹಾಕಿ. ಅರ್ಧ ಗಂಟೆಯ ಕೆಲಸ. ಮಾರುವ ಹುಡುಗ ಹುಡುಗಿಯರನ್ನೂ ಜೊತೆಗೆ ಕೂರಿಸಿಕೊಳ್ಳಿ, ಕಂಡಿ ಎಲ್ಲಿದೆ ಅಂತ ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತೆ.

ಮುಂದಿನ ವಾರ ಸಿಗೋಣ.